ಸದ್ದಿನ ಜೊತೆ ಗುರುತೂ ಹೋಯಿತು

ಕೊರೊನಾ ದಿನಗಳಲ್ಲಿ ವಿಡಿಯೊ ಕರೆಯ ಮೂಲಕ ಸಂಗೀತ ಪಾಠ ಹೇಳಿದವರನ್ನು ಕೇಳಿ ನೋಡಿ. ಶಿಕ್ಷಕಿಯ ಮನೆಯಲ್ಲಿ ಶ್ರುತಿಪೆಟ್ಟಿಗೆ ತುಂಬುದನಿಯಲ್ಲಿ ನುಡಿಯುತ್ತಿರುತ್ತದೆ. ಆಚೆ ಬದಿಯ ವಿದ್ಯಾರ್ಥಿಗೆ ಮೊದಲ ಒಂದೆರಡು ಕ್ಷಣ ಕೇಳಿಸಿ ಆಮೇಲೆ ಮಾಯ. ಹಾಡು ಕೇಳುತ್ತದೆ, ಶ್ರುತಿ ಇಲ್ಲ. ಇಂಟರ್ನೆಟ್ಟಿಗೆ ಬೈದು, ಮೈಕು ಬದಲಿಸಿ, ಕಡೆಗೆ ಯಾರೋ ತಿಳಿದವರು ಸೆಟ್ಟಿಂಗ್ಸ್ ಒಳಹೊಕ್ಕು ‘ಮೂಲ ಧ್ವನಿ’ ಎಂಬ ಆಯ್ಕೆಯನ್ನು ಒತ್ತಿದ ಮೇಲೆ ಶ್ರುತಿ ಮರಳಿ ಬಂತು. ಇಂಟರ್ನೆಟ್ಟಿನ ತಪ್ಪು ಏನೂ ಇರಲಿಲ್ಲ. ಕರೆಯ ತಂತ್ರಾಂಶದೊಳಗೆ ಕೂತಿದ್ದ ಗದ್ದಲ ನಿವಾರಕವು, ಒಂದೇ ಸಮ ನುಡಿಯುತ್ತಿದ್ದ ಷಡ್ಜ ಪಂಚಮಗಳನ್ನು ಫ್ಯಾನಿನ ಸದ್ದೆಂದು ಬಗೆದು ಗುಡಿಸಿ ಹಾಕಿತ್ತು.

ಆ ಪ್ರಸಂಗ ಈಗ ನೆನಪಾಗಲು ಕಾರಣವಿದೆ. ಕೃತಕ ಬುದ್ಧಿಮತ್ತೆ ಹುಟ್ಟಿಸಿದ ದನಿಗೆ ಗುರುತು ಇರಲೇಬೇಕು ಎಂದು ಸರ್ಕಾರಗಳು ಪಟ್ಟು ಹಿಡಿದಿವೆ. ನಮ್ಮಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಕರಡು ನಿಯಮಗಳಲ್ಲಿ, ಕೃತಕ ಧ್ವನಿಯ ಮೊದಲ ಶೇ 10ರಷ್ಟು ಅವಧಿಯಲ್ಲಿ ‘ಇದು ಕೃತಕ’ ಎಂಬ ಸೂಚನೆ ಕೇಳಿಸಬೇಕು ಎಂದಿತ್ತು. 2026ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ನಿಯಮಗಳಲ್ಲಿ ಆ ಶೇಕಡಾ ಲೆಕ್ಕ ಬಿದ್ದುಹೋಯಿತು. ಎದ್ದು ಕೇಳುವ ಸೂಚನೆಯ ಜೊತೆಗೆ, ತಾಂತ್ರಿಕವಾಗಿ ಸಾಧ್ಯವಿರುವ ಕಡೆ, ಕಡತದೊಳಗೆ ಶಾಶ್ವತವಾದ ಗುರುತೊಂದು ಇರಬೇಕು ಎಂಬ ಮಾತು ಉಳಿದುಕೊಂಡಿತು. ‘ಶಾಶ್ವತ’ ಎಂಬ ಆ ಪದವೇ ನನ್ನನ್ನು ಕಾಡುತ್ತಿರುವುದು. ಶ್ರುತಿಪೆಟ್ಟಿಗೆಯ ದನಿಯನ್ನೇ ಉಳಿಸದ ಯಂತ್ರಗಳ ನಡುವೆ ಕಿವಿಗೆ ಕೇಳಿಸದ ಗುರುತು ಶಾಶ್ವತವಾಗಿ ಉಳಿಯುವುದು ಹೇಗೆ?

ಗುರುತುಗಳಲ್ಲಿ ಎರಡು ಬಗೆ. ಒಂದು, ಕಡತದ ಹೊರಮೈಗೆ ಅಂಟಿಸಿದ ಚೀಟಿ: ಯಾರು, ಯಾವಾಗ, ಯಾವ ತಂತ್ರಾಂಶದಿಂದ ತಯಾರಿಸಿದರು ಎಂಬ ವಿವರ. ಸ್ಪೀಕರಿನಲ್ಲಿ ಹಾಕಿ ಇನ್ನೊಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಆ ಚೀಟಿ ಅಲ್ಲೇ ಉದುರಿಹೋಗುತ್ತದೆ. ಇನ್ನೊಂದು, ಧ್ವನಿಯ ಅಲೆಯೊಳಗೇ ಹೆಣೆದ ಗುರುತು. ವಾಟರ್‌ಮಾರ್ಕ್ ಎನ್ನುವುದು ಇದನ್ನೇ. ಇದರ ದಾಯಾದಿ ಸ್ಟೆಗನೋಗ್ರಫಿ, ಅಂದರೆ ಒಂದು ಧ್ವನಿಯೊಳಗೆ ಇನ್ನೊಂದು ಸಂದೇಶವನ್ನು, ಸಂದೇಶವಿದೆ ಎಂಬ ಸುಳಿವೇ ಸಿಗದಂತೆ, ಅಡಗಿಸುವ ವಿದ್ಯೆ. ಎರಡಕ್ಕೂ ಬಂಡವಾಳ ಒಂದೇ: ನಮ್ಮ ಕಿವಿಯ ಮಂಕುತನ.

ಅತಿ ಸರಳವಾದ ಉಪಾಯದಿಂದ ಶುರು ಮಾಡೋಣ. ಸಿ.ಡಿ. ಗುಣಮಟ್ಟದ ಧ್ವನಿಯಲ್ಲಿ ಸೆಕೆಂಡಿಗೆ 44,100 ಸಲ ಅಲೆಯ ಎತ್ತರವನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಎತ್ತರಕ್ಕೆ 65,536 ಮೆಟ್ಟಿಲುಗಳಿವೆ ಎಂದುಕೊಳ್ಳಿ. ಕೊನೆಯ ಬಿಟ್ 0 ಇದ್ದದ್ದು 1 ಆದರೆ ಧ್ವನಿ ಒಂದೇ ಒಂದು ಮೆಟ್ಟಿಲು ಅತ್ತಿತ್ತ ಸರಿಯುತ್ತದೆ. ಹಾಡು ನಡೆಯುತ್ತಿರುವಾಗ ಯಾವ ವಿದ್ವಾಂಸರ ಕಿವಿಗೂ ಅದು ಸಿಕ್ಕುವುದಿಲ್ಲ. ಆ ಕೊನೆಯ ಬಿಟ್‌ಗಳನ್ನೆಲ್ಲ ನಮ್ಮ ಗುಟ್ಟಿಗೆ ಬಳಸಿಕೊಂಡರೆ ಒಂದು ನಿಮಿಷದ ಒಂಟಿ ಚಾನೆಲ್‌ನಲ್ಲಿ 26,46,000 ಬಿಟ್, ಅಂದರೆ 3,30,750 ಬೈಟ್ ಜಾಗ ಸಿಗುತ್ತದೆ. ಕನ್ನಡಕ್ಕೆ ಇದು ಸ್ವಲ್ಪ ದುಬಾರಿ ಜಾಗ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಒಳಗೊಳಗೆ ಆರು ಸಂಕೇತ, 18 ಬೈಟ್. ಹಾಗಿದ್ದೂ ಒಂದು ನಿಮಿಷದ ಆಲಾಪನೆಯಲ್ಲಿ ಲಕ್ಷಕ್ಕೂ ಹೆಚ್ಚು ಸಂಕೇತಗಳು ಹಿಡಿಸುತ್ತವೆ. ಒಂದು ಸಣ್ಣ ಕಾದಂಬರಿಯನ್ನೇ ಬಚ್ಚಿಡಬಹುದು.

ಇದನ್ನು ಕಿಡಿಗೇಡಿಗಳೂ ಬಲ್ಲರು. ಹಾನಿಕಾರಕ ತಂತ್ರಾಂಶದ ತುಣುಕುಗಳನ್ನು ವೇವ್ ಮಾದರಿಯ ಧ್ವನಿ ಕಡತಗಳಲ್ಲಿ ಅಡಗಿಸಿ ಕಂಪ್ಯೂಟರುಗಳಿಗೆ ತೂರಿಸಿದ ಪ್ರಕರಣಗಳನ್ನು ಸೈಬರ್ ಭದ್ರತಾ ಸಂಸ್ಥೆಗಳು 2019ರಲ್ಲಿ ಬಯಲಿಗೆಳೆದವು. ಕೆಲವು ಕಡತಗಳನ್ನು ತೆರೆದರೆ ಸಂಗೀತವೇ ಕೇಳುತ್ತಿತ್ತು. ಒಳಗೆ ಕೂತಿದ್ದದ್ದು ಇನ್ನೊಬ್ಬರ ಯಂತ್ರದಲ್ಲಿ ಕದ್ದು ಕ್ರಿಪ್ಟೊ ನಾಣ್ಯ ಟಂಕಿಸುವ ತಂತ್ರಾಂಶ.

ಆದರೆ ಈ ಉಪಾಯ ನೀರ ಮೇಲಿನ ಬರಹ. ಅದೇ ಕಡತವನ್ನು ಎಂಪಿ3 ಮಾಡಿದ ಕೂಡಲೇ ಕೊನೆಯ ಬಿಟ್‌ಗಳೆಲ್ಲ ಕಲಸಿಹೋಗುತ್ತವೆ. ಯಾಕೆಂದರೆ ಎಂಪಿ3 ನಿಂತಿರುವುದೂ ಕಿವಿಯ ಅದೇ ಮಂಕುತನದ ಮೇಲೆ. ಜೋರು ಸ್ವರದ ಪಕ್ಕದಲ್ಲೇ ಇರುವ ಮೆಲು ಸ್ವರ ನಮಗೆ ಕೇಳುವುದಿಲ್ಲ; ಮೃದಂಗದ ಪೆಟ್ಟು ಬಿದ್ದ ನಂತರದ ಒಂದಿಷ್ಟು ಮಿಲಿಸೆಕೆಂಡು ಕಿವಿ ಸಣ್ಣ ಸದ್ದುಗಳಿಗೆ ಕಿವುಡಾಗಿರುತ್ತದೆ. ಕೇಳದ್ದನ್ನು ಹೊತ್ತು ತಿರುಗುವುದೇಕೆ ಎಂದು ಎಂಪಿ3 ಅದನ್ನು ಎಸೆಯುತ್ತದೆ. ಕೇಳದ ಜಾಗ ಖಾಲಿ ಇದೆಯಲ್ಲ ಎಂದು ಗುಟ್ಟು ಅಡಗಿಸುವವನು ಅಲ್ಲೇ ಬಿಡಾರ ಹೂಡುತ್ತಾನೆ. ಒಬ್ಬನ ಕಸದ ಬುಟ್ಟಿ ಇನ್ನೊಬ್ಬನ ತಿಜೋರಿ. ಇವರಿಬ್ಬರ ಜಗಳ ಮೂವತ್ತು ವರ್ಷ ಹಳೆಯದು.

1996ರ ಹೊತ್ತಿಗೆ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ಸಂಶೋಧಕರು ಗಟ್ಟಿಯಾದ ಉಪಾಯಗಳನ್ನು ಹುಡುಕಿದ್ದರು. ಅವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಪ್ರತಿಧ್ವನಿಯದು. ಧ್ವನಿಗೆ ಅದರದೇ ಕ್ಷೀಣವಾದ ಪ್ರತಿಧ್ವನಿಯನ್ನು ಒಂದು ಮಿಲಿಸೆಕೆಂಡಿನಷ್ಟು ತಡವಾಗಿ ಸೇರಿಸಿದರೆ ನಮಗೆ ಅದು ಪ್ರತಿಧ್ವನಿ ಎಂದೇ ಅನ್ನಿಸುವುದಿಲ್ಲ. ದನಿ ಕೊಂಚ ತುಂಬಿಕೊಂಡಂತೆ ಕೇಳುತ್ತದೆ, ಅಷ್ಟೆ. ಒಂದು ಅಂತರದ ಪ್ರತಿಧ್ವನಿ ಎಂದರೆ 0, ಇನ್ನೊಂದು ಅಂತರದ್ದಾದರೆ 1. ಮರುವರ್ಷ ಎನ್‌ಇಸಿ ಸಂಸ್ಥೆಯ ಸಂಶೋಧಕರು ಗುರುತನ್ನು ಒಂದೇ ಕಡೆ ಇಡದೆ, ಬಿತ್ತನೆಯ ಕಾಳಿನಂತೆ ಇಡೀ ಆವರ್ತನ ಪಟ್ಟಿಯ ಮೇಲೆ ಚೆಲ್ಲುವ ವಿಧಾನವನ್ನು ಪ್ರಕಟಿಸಿದರು. ಒಂದು ಮೂಲೆಯನ್ನು ಕಿತ್ತರೂ ಉಳಿದ ಕಡೆ ಮೊಳಕೆ ಇದ್ದೇ ಇರುತ್ತದೆ. ಈ ಗಟ್ಟಿತನಕ್ಕೆ ಬೆಲೆ ತೆರಲೇಬೇಕು: ಸೆಕೆಂಡಿಗೆ ಸಾವಿರಾರು ಬಿಟ್ ಅಡಗಿಸುವ ಕಡೆ ಈಗ ಬೆರಳೆಣಿಕೆಯಷ್ಟೇ ಹಿಡಿಸುತ್ತವೆ. ಹೆಚ್ಚು ಅಡಗಿಸಬೇಕು, ಕಿವಿಗೆ ಬೀಳಬಾರದು, ಏನೇ ಮಾಡಿದರೂ ಅಳಿಯಬಾರದು. ಈ ಮೂರೂ ಒಟ್ಟಿಗೆ ಬೇಕೆಂದರೆ ಚಿಕ್ಕ ಕಂಬಳಿಯ ಕಥೆ. ತಲೆಗೆ ಎಳೆದರೆ ಕಾಲಿಗಿಲ್ಲ.

ಇಂಥ ಗುರುತುಗಳ ನಡುವೆ ನಾವು ಗೊತ್ತಿಲ್ಲದೆಯೇ ಬದುಕುತ್ತಿದ್ದೇವೆ. ಪ್ರತಿ ಗುರುವಾರ ಕನ್ನಡ ಧಾರಾವಾಹಿಗಳ ಟಿಆರ್‌ಪಿಗಾಗಿ ಕಾದು ಕೂರುವವರಲ್ಲಿ ಎಷ್ಟು ಜನರಿಗೆ ಗೊತ್ತೋ ಕಾಣೆ, ಆ ಲೆಕ್ಕ ಹುಟ್ಟುವುದೇ ಧ್ವನಿಯಲ್ಲಿ ಅಡಗಿಸಿದ ಗುರುತಿನಿಂದ. 2015ರಿಂದ ದೇಶದಲ್ಲಿ ಟಿ.ವಿ. ವೀಕ್ಷಣೆಯನ್ನು ಅಳೆಯುತ್ತಿರುವ ಬಾರ್ಕ್ ಸಂಸ್ಥೆಯ ವ್ಯವಸ್ಥೆಯಲ್ಲಿ ಚಾನೆಲ್‌ಗಳು ತಮ್ಮ ಧ್ವನಿಯಲ್ಲೇ ಕೇಳಿಸದ ವಾಟರ್‌ಮಾರ್ಕ್ ಸೇರಿಸಿ ಪ್ರಸಾರ ಮಾಡುತ್ತವೆ. ಆಯ್ದ ಮನೆಗಳಲ್ಲಿಟ್ಟ ಮೀಟರು ಅದನ್ನು ಗುರುತಿಸುತ್ತದೆ. ಅತ್ತೆ ಸೊಸೆಯರ ಕಣ್ಣೀರಿನ ಅಡಿಯಲ್ಲಿ ಚಾನೆಲ್ಲಿನ ಹೆಸರು ಸದ್ದಿಲ್ಲದೆ ಹರಿಯುತ್ತಿರುತ್ತದೆ. ಇದರ ಕೊಂಚ ಕರಾಳ ರೂಪವೂ ಉಂಟು. ಜಾಹೀರಾತಿನಲ್ಲಿ ಅಡಗಿಸಿದ ಕೇಳಿಸದ ಸಂಜ್ಞೆಯನ್ನು ಮೊಬೈಲಿನ ಮೈಕ್ ಹಿಡಿದು, ಯಾರು ಏನು ನೋಡುತ್ತಿದ್ದಾರೆಂದು ವರದಿ ಮಾಡಬಲ್ಲ ತಂತ್ರಾಂಶವನ್ನು ಸಿಲ್ವರ್‌ಪುಶ್ ಎಂಬ ಭಾರತೀಯ ಮೂಲದ ಕಂಪನಿ ರೂಪಿಸಿತ್ತು. ಅದನ್ನು ಅಳವಡಿಸಿಕೊಂಡಿದ್ದಂತೆ ಕಂಡ 12 ಆ್ಯಪ್ ತಯಾರಕರಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಎಚ್ಚರಿಕೆಯ ಪತ್ರ ಬರೆದಿತ್ತು.

ಟಿ.ವಿ. ಲೆಕ್ಕದಲ್ಲಿ ವಾಟರ್‌ಮಾರ್ಕ್ ಚೆನ್ನಾಗಿ ಕೆಲಸ ಮಾಡುವುದಕ್ಕೆ ಒಂದು ಕಾರಣ, ಅದನ್ನು ಅಳಿಸುವುದರಿಂದ ವೀಕ್ಷಕನಿಗೆ ಲಾಭವಿಲ್ಲ. ಲಾಭವಿದ್ದಾಗ ಏನಾಗುತ್ತದೆ ಎಂಬುದಕ್ಕೆ 2000ನೇ ಇಸವಿಯ ಕಥೆ ಕೇಳಬೇಕು. ಹಾಡುಗಳ ಕಳ್ಳ ಪ್ರತಿಗಳಿಂದ ಕಂಗೆಟ್ಟಿದ್ದ ಧ್ವನಿಮುದ್ರಣ ಉದ್ಯಮವು ಎಸ್‌ಡಿಎಂಐ ಎಂಬ ಒಕ್ಕೂಟ ಕಟ್ಟಿಕೊಂಡು, ತಾನು ಆರಿಸಿದ ವಾಟರ್‌ಮಾರ್ಕ್‌ಗಳನ್ನು ಆ ಸೆಪ್ಟೆಂಬರ್‌ನಲ್ಲಿ ಜಗತ್ತಿನ ಮುಂದಿಟ್ಟು, ಧೈರ್ಯವಿದ್ದರೆ ಅಳಿಸಿ ತೋರಿಸಿ ಎಂದು ಪಂಥ ಕಟ್ಟಿತು. ಬಹುಮಾನ 10,000 ಡಾಲರ್. ಷರತ್ತು, ಬಾಯಿ ಬಿಡಬಾರದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಮತ್ತು ಸಂಗಡಿಗರು ಬಹುಮಾನ ಬೇಡವೆಂದು ಬಿಟ್ಟು ಪ್ರಯೋಗಕ್ಕಿಳಿದರು. ಕೈಯಲ್ಲಿದ್ದದ್ದು ಗುರುತು ಇಲ್ಲದ ಒಂದು ಹಾಡು, ಗುರುತು ಹಾಕಿದ ಅದೇ ಹಾಡು, ಗುರುತು ಹಾಕಿದ ಇನ್ನೊಂದು ಹಾಡು. ಮೊದಲೆರಡನ್ನು ಹೋಲಿಸಿ ನೋಡಿ, ಒಂದು ತಂತ್ರದ ಒಳಗೆ ಪ್ರತಿಧ್ವನಿಯ ಉಪಾಯವೇ ವೇಷ ಮರೆಸಿಕೊಂಡು ಕೂತಿದೆ ಎಂದು ಪತ್ತೆ ಹಚ್ಚಿದರು. ಕೆಲವೇ ವಾರಗಳಲ್ಲಿ ನಾಲ್ಕೂ ವಾಟರ್‌ಮಾರ್ಕ್‌ಗಳನ್ನು ಮುರಿದೆವು ಎಂದರು. ಆ ಪ್ರಬಂಧವನ್ನು ಮಂಡಿಸಲು ಹೊರಟಾಗ 2001ರ ಏಪ್ರಿಲ್‌ನಲ್ಲಿ ಉದ್ಯಮದ ಕಡೆಯಿಂದ ಕಾನೂನಿನ ಬೆದರಿಕೆಯ ಪತ್ರ ಬಂತು. ಮಂಡನೆ ಆಗಸ್ಟ್‌ಗೆ ಹೋಯಿತು. ಪಂಥ ಕಟ್ಟಿ ಕರೆದವರೇ ಗೆದ್ದವನ ಬಾಯಿ ಮುಚ್ಚಿಸಲು ಹೊರಟ ಈ ಪ್ರಸಂಗವನ್ನು ಈ ಕ್ಷೇತ್ರದವರು ಈಗಲೂ ಮರೆತಿಲ್ಲ.

ಅಂದು ಗುರುತು ಅಳಿಸಲು ಪಳಗಿದ ಕೈ ಬೇಕಿತ್ತು. ಇಂದು ಯಾರೂ ಬೇಕಿಲ್ಲ, ಫೋನೇ ಅಳಿಸುತ್ತದೆ.

ಗದ್ದಲ ನಿವಾರಣೆಯ ಚರಿತ್ರೆ ಸೌಮ್ಯವಾಗಿಯೇ ಶುರುವಾದದ್ದು. 1979ರಲ್ಲಿ ಸ್ಟೀವನ್ ಬಾಲ್ ಎಂಬ ಎಂಜಿನಿಯರ್ ಪ್ರಕಟಿಸಿದ ವಿಧಾನ ನಮ್ಮ ಕಿರಾಣಿ ಅಂಗಡಿಯ ತೂಕದಂತೆ ನೇರ: ಮಾತಿಲ್ಲದ ಹೊತ್ತಿನಲ್ಲಿ ಬರೀ ಗದ್ದಲವನ್ನು ತೂಗಿಕೋ, ಮಾತು ಬಂದಾಗ ಒಟ್ಟು ತೂಕದಿಂದ ಅದನ್ನು ಕಳೆ. ಖಾಲಿ ಡಬ್ಬಿಯ ತೂಕ ಕಳೆದು ಎಣ್ಣೆ ಅಳೆದ ಹಾಗೆ. ತೊಂದರೆ ಏನೆಂದರೆ ಗದ್ದಲ ಡಬ್ಬಿಯಂತೆ ಸ್ಥಿರವಲ್ಲ. ಲೆಕ್ಕ ಅಲ್ಲಲ್ಲಿ ತಪ್ಪಿ, ಉಳಿದ ಚೂರುಪಾರು ಸದ್ದುಗಳು ಟಿಣಿಟಿಣಿ ಎಂದು ಗೆಜ್ಜೆಯಂತೆ ಕೇಳತೊಡಗಿದವು. ತಜ್ಞರು ಅದಕ್ಕೆ ‘ಸಂಗೀತದ ಗದ್ದಲ’ ಎಂದೇ ಹೆಸರಿಟ್ಟರು. ಆ ಗೆಜ್ಜೆಯನ್ನು ಅಡಗಿಸುವುದರಲ್ಲೇ ಮುಂದಿನ ದಶಕಗಳು ಕಳೆದವು. ಆಮೇಲೆ ನರಜಾಲಗಳು, ಅಂದರೆ ರಾಶಿ ಉದಾಹರಣೆಗಳಿಂದ ತಾವೇ ಕಲಿಯುವ ತಂತ್ರಾಂಶಗಳು, ಬಂದವು. 2017ರಲ್ಲಿ ಜಾನ್-ಮಾರ್ಕ್ ವಾಲಿನ್ ಬಿಡುಗಡೆ ಮಾಡಿದ ಆರ್‌ಎನ್‌ನಾಯ್ಸ್ ಎಂಬ ಮುಕ್ತ ತಂತ್ರಾಂಶ ಧ್ವನಿಯನ್ನು 22 ಪಟ್ಟಿಗಳಾಗಿ ಸೀಳಿ, ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಯಾವ ಪಟ್ಟಿಯನ್ನು ಎಷ್ಟು ತಗ್ಗಿಸಬೇಕೆಂದು ನಿರ್ಧರಿಸುತ್ತದೆ. ಅದಕ್ಕೆ ದೊಡ್ಡ ಯಂತ್ರವೂ ಬೇಡ. ಇಂದಿನ ಕರೆಗಳಲ್ಲಿ ಹಿಂದಿನ ಕುಕ್ಕರಿನ ಕೂಗು, ಬೀದಿಯ ಹಾರ್ನ್, ನಾಯಿಯ ಬೊಗಳು ಕೇಳದಿರುವುದು ಇಂಥ ತಂತ್ರಾಂಶಗಳ ಪುಣ್ಯ.

ಪುಣ್ಯದ ಜೊತೆಗೆ ಪಾಪವೂ ಇದೆ. ‘ಸ’, ‘ಶ’, ‘ಷ’ಗಳನ್ನು ನಿಧಾನವಾಗಿ ಉಚ್ಚರಿಸಿ ನೋಡಿ. ಅವುಗಳಲ್ಲಿ ಸ್ವರವೇ ಇಲ್ಲ, ಇರುವುದು ಬರೀ ಗಾಳಿಯ ಉಜ್ಜಾಟ. ಯಂತ್ರದ ದೃಷ್ಟಿಯಲ್ಲಿ ಅವು ಸಣ್ಣ ಗದ್ದಲಗಳು. ಹಳೆಯ ದೂರವಾಣಿ ಜಾಲ 300ರಿಂದ 3,400 ಹರ್ಟ್ಸ್ ಒಳಗಿನ ಧ್ವನಿಯನ್ನಷ್ಟೇ ಸಾಗಿಸುವುದರಿಂದ, ಇನ್ನೂ ಮೇಲಿರುವ ‘ಸ’ಕಾರದ ಜೀವಾಳ ದಾರಿಯಲ್ಲೇ ಉದುರುತ್ತದೆ. ಫೋನಿನಲ್ಲಿ ಹೆಸರು ಹೇಳುವಾಗ ‘ಸಕ್ಕರೆಯ ಸ’ ಎಂದು ಬಿಡಿಸಿ ಹೇಳಬೇಕಾಗಿ ಬರುವುದು ಸುಮ್ಮನಲ್ಲ. ಮೊಬೈಲ್ ಕರೆಯಲ್ಲಿ ಇನ್ನೂ ಒಂದು ಚಮತ್ಕಾರ ನಡೆಯುತ್ತದೆ. ನೀವು ಮಾತು ನಿಲ್ಲಿಸಿದಾಗ ನಿಮ್ಮ ಕಡೆಯ ಸದ್ದನ್ನು ಜಾಲ ಬಹುಮಟ್ಟಿಗೆ ಸಾಗಿಸುವುದೇ ಇಲ್ಲ. ಪೂರ್ತಿ ಮೌನವಾದರೆ ಕರೆ ಕಡಿದುಹೋಯಿತೆಂದು ಆಚೆಯವರು ಗಾಬರಿಯಾಗುತ್ತಾರೆಂದು, ಅವರ ಫೋನೇ ಒಂದು ಮೆಲುವಾದ ‘ಸುಯ್’ ಸದ್ದನ್ನು ತಯಾರಿಸಿ ಕೇಳಿಸುತ್ತದೆ. ಮಾತಿನ ನಡುವಿನ ಮೌನದಲ್ಲಿ ಯಾರಾದರೂ ಗುರುತು ಅಡಗಿಸಿದ್ದರೆ ಅದರ ಗತಿ ಮುಗಿಯಿತು.

ಧ್ವನಿಯನ್ನು ಕುಗ್ಗಿಸಿ ಕಳಿಸಿ ಆಚೆ ಮತ್ತೆ ಬಿಚ್ಚುವ ತಂತ್ರಾಂಶಕ್ಕೆ ಕೋಡೆಕ್ ಎನ್ನುತ್ತಾರೆ. ಇತ್ತೀಚಿನ ನರಜಾಲದ ಕೋಡೆಕ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಗೂಗಲ್‌ನ ಸೌಂಡ್‌ಸ್ಟ್ರೀಮ್ 2021ರಲ್ಲಿ, ಮೆಟಾದ ಎನ್‌ಕೋಡೆಕ್ 2022ರಲ್ಲಿ ಬಂದವು. ಇವು ಧ್ವನಿಯನ್ನು ಕೆಲವೇ ಸಂಕೇತಗಳಿಗೆ ಇಳಿಸಿ, ಆಚೆ ಬದಿಯಲ್ಲಿ ಹೊಸದಾಗಿ ಕಟ್ಟುತ್ತವೆ. ಹಳೆಯ ಶೋಧಕಗಳು ಪಾತ್ರೆ ತೊಳೆಯುತ್ತಿದ್ದವು. ಇವು ಪಾತ್ರೆಯನ್ನು ನೋಡಿಕೊಂಡು ಅಂಥದ್ದೇ ಇನ್ನೊಂದನ್ನು ಎರಕ ಹೊಯ್ಯುತ್ತವೆ. ಹೊಸ ಪಾತ್ರೆಗೆ ಹಳೆಯದರ ತಳದಲ್ಲಿ ಕೆತ್ತಿದ್ದ ಮನೆಯವರ ಹೆಸರು ಬರುವುದಿಲ್ಲ. ಸಂಶೋಧಕರು ಹಲವು ವಾಟರ್‌ಮಾರ್ಕ್‌ಗಳನ್ನು ಇಂಥ ಕೋಡೆಕ್‌ಗಳ ಮೂಲಕ ಹಾಯಿಸಿ ನೋಡಿದ್ದಾರೆ. ದನಿ ಹೆಚ್ಚುಕಡಿಮೆ ಹಾಗೇ ಉಳಿದು ಗುರುತು ಮಾತ್ರ ಕಾಣೆಯಾದದ್ದುಂಟು. ಅಳಿಸಬೇಕೆಂಬ ದುರುದ್ದೇಶ ಯಾರಿಗೂ ಇಲ್ಲದಿದ್ದರೂ ಇದು ಆಗಬಹುದು ಎಂಬುದೇ ಇಲ್ಲಿಯ ತೊಡಕು.

ಹಾಗೆಂದು ಗುರುತು ಹಾಕುವವರು ಕೈಕಟ್ಟಿ ಕೂತಿಲ್ಲ. ಗೂಗಲ್ ಡೀಪ್‌ಮೈಂಡ್ ಸಿಂಥ್‌ಐಡಿ ಎಂಬ ತನ್ನ ವಾಟರ್‌ಮಾರ್ಕನ್ನು 2023ರಲ್ಲಿ ಧ್ವನಿಗೂ ವಿಸ್ತರಿಸಿತು. ಮೆಟಾದ ಸಂಶೋಧಕರು 2024ರಲ್ಲಿ ಹೊರತಂದ ಆಡಿಯೊಸೀಲ್, ಒಂದು ಕಡತದಲ್ಲಿ ಯಾವ ಕ್ಷಣದಿಂದ ಯಾವ ಕ್ಷಣದವರೆಗಿನ ಮಾತು ಕೃತಕ ಎಂದು ತುಂಡು ತುಂಡಾಗಿ ತೋರಿಸಬಲ್ಲದು. ನಿಜವಾದ ಭಾಷಣದ ನಡುವೆ ಒಂದೇ ಒಂದು ಕೃತಕ ವಾಕ್ಯ ತುರುಕುವವರಿಗೆ ಇದು ತಕ್ಕ ಮದ್ದು. ತರಬೇತಿಯ ಹೊತ್ತಿನಲ್ಲೇ ಧ್ವನಿಗೆ ಗದ್ದಲ ಬೆರೆಸಿ, ಸೋಸಿ, ಎಂಪಿ3 ಮಾಡಿ, ಅಷ್ಟಾದರೂ ಗುರುತು ಉಳಿಯುವಂತೆ ಅದನ್ನು ಪಳಗಿಸಿದ್ದಾರೆ. ಆದರೆ ಪಳಗಿಸುವಾಗ ಕಂಡಿರದ ಹೊಸ ಸೋಸುಬಟ್ಟೆ ನಾಳೆ ಬಂದೇ ಬರುತ್ತದೆ.

ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ದೂರ ಹೋಗಬೇಕಿಲ್ಲ. ವಚನಕಾರರೂ ಹರಿದಾಸರೂ ಬಳಸಿದ ಅಂಕಿತವೇ ನಮ್ಮ ವಾಟರ್‌ಮಾರ್ಕ್. ಕೂಡಲಸಂಗಮದೇವ ಎಂದರೆ ಬಸವಣ್ಣ, ಪುರಂದರವಿಠಲ ಎಂದರೆ ಪುರಂದರದಾಸರು. ತಾಳೆಗರಿ ಹೋಗಿ ಕಾಗದ ಬಂದರೂ, ರಾಗ ಬದಲಾದರೂ, ನಡುವಿನ ಸಾಲು ಮರೆತರೂ ಅಂಕಿತ ಉಳಿಯಿತು. ಯಾಕೆಂದರೆ ಅದು ಹಾಡಿನ ಹೊರಗೆ ಅಂಟಿಸಿದ ಚೀಟಿಯಾಗಿರಲಿಲ್ಲ, ಸಾಲಿನೊಳಗೇ ಹೆಣೆದುಕೊಂಡಿತ್ತು. ಅಂಕಿತದ ಇನ್ನೊಂದು ಮುಖವೂ ನಮಗೆ ಗೊತ್ತು. ಯಾರೋ ಬರೆದು ದೊಡ್ಡವರ ಅಂಕಿತ ಸೇರಿಸಿದ ಪ್ರಕ್ಷಿಪ್ತ ರಚನೆಗಳನ್ನು ಬೇರ್ಪಡಿಸುವುದರಲ್ಲಿ ನಮ್ಮ ಸಂಪಾದಕರ ಆಯಸ್ಸು ಸವೆದಿದೆ. ವಾಟರ್‌ಮಾರ್ಕ್‌ಗೂ ಅದೇ ಅಪಾಯ. ಗುರುತು ಹಾಕುವ ಉಪಕರಣ ಎಲ್ಲರ ಕೈಗೆ ಸಿಕ್ಕರೆ, ಒಬ್ಬ ರಾಜಕಾರಣಿ ನಿಜವಾಗಿಯೂ ಆಡಿದ ಕೆಟ್ಟ ಮಾತಿಗೆ ‘ಇದು ಎಐ’ ಎಂಬ ಮುದ್ರೆ ಒತ್ತಿ ಕೈತೊಳೆದುಕೊಳ್ಳಬಹುದು. ಪತ್ತೆ ಹಚ್ಚುವ ಉಪಕರಣವನ್ನು ಮುಕ್ತವಾಗಿ ಕೊಟ್ಟರೆ, ಗುರುತು ಮಾಯವಾಗುವ ತನಕ ಧ್ವನಿಯನ್ನು ತಿದ್ದಿ ತಿದ್ದಿ ಪರೀಕ್ಷಿಸುತ್ತಾರೆ. ಗುಟ್ಟಾಗಿಟ್ಟರೆ ಪತ್ರಿಕೆಯವರಿಗೂ ಪೊಲೀಸರಿಗೂ ಪರೀಕ್ಷಿಸಲು ದಾರಿ ಇಲ್ಲ. ಎರಡು ಅಪಾಯಗಳಲ್ಲಿ ಯಾವುದು ಕಡಿಮೆ ಎಂದು ಕೇಳಿದರೆ, ಉಪಕರಣ ಮುಕ್ತವಾಗಿರಲಿ ಎಂದೇ ನಾನು ಹೇಳುತ್ತೇನೆ. ಗುಟ್ಟಿನ ಮೇಲೆ ನಿಂತ ಗುರುತು ಎಷ್ಟು ದಿನ ಬಾಳುತ್ತದೆ ಎಂಬುದನ್ನು 2000ದಲ್ಲೇ ನೋಡಿಯಾಗಿದೆ.

ಇಷ್ಟೆಲ್ಲ ಹೇಳಿದ ಮೇಲೂ, ಗುರುತು ಇಲ್ಲದ ದನಿಯ ಪ್ರಶ್ನೆ ಹಾಗೇ ಉಳಿಯುತ್ತದೆ. 2024ರ ಜನವರಿಯಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ರಾಥಮಿಕ ಚುನಾವಣೆಗೆ ಎರಡು ದಿನ ಇರುವಾಗ, ಅಧ್ಯಕ್ಷ ಜೋ ಬೈಡನ್ ಅವರನ್ನು ಹೋಲುವ ದನಿಯಲ್ಲಿ ಸಾವಿರಾರು ಮತದಾರರಿಗೆ ಕರೆಗಳು ಹೋದವು: ಈಗ ಮತ ಹಾಕಬೇಡಿ, ನವೆಂಬರ್‌ಗೆ ಉಳಿಸಿಕೊಳ್ಳಿ ಎಂದು. ಒಂದು ವೇಳೆ ಆ ದನಿಯಲ್ಲಿ ಗುರುತು ಇದ್ದಿದ್ದರೂ ದೂರವಾಣಿ ಜಾಲದ ಇಕ್ಕಟ್ಟಿನಲ್ಲಿ ನುಸುಳಿ ಬರಬೇಕಿತ್ತು. ಬಂದರೂ ಮನೆಯ ಫೋನಿನಲ್ಲಿ ಅದನ್ನು ಓದುವ ಯಂತ್ರವೇ ಇರಲಿಲ್ಲ. ತನಿಖೆಗೆ ನೆರವಾದದ್ದು ಹಳೆಯ ಕಾಲದ ಕೆಲಸ: ಕರೆ ಯಾವ ಕಂಪನಿಯಿಂದ ಯಾವ ಕಂಪನಿಗೆ ದಾಟಿ ಬಂತೆಂದು ಟೆಲಿಕಾಂ ದಾಖಲೆಗಳ ಜಾಡು ಹಿಡಿದು ಹೋದದ್ದು. ಕಡೆಗೆ ಒಬ್ಬ ರಾಜಕೀಯ ಸಲಹೆಗಾರ ಹೊಣೆ ಒಪ್ಪಿಕೊಂಡ. ಅಮೆರಿಕದ ಸಂಪರ್ಕ ಆಯೋಗ ಅವನಿಗೆ 60 ಲಕ್ಷ ಡಾಲರ್ ದಂಡ ವಿಧಿಸಿತು. ನಮ್ಮಲ್ಲಿ ‘ಅಮ್ಮಾ, ಅಪಘಾತ ಆಗಿದೆ, ಬೇಗ ದುಡ್ಡು ಕಳಿಸು’ ಎಂದು ಮಗನ ದನಿಯಲ್ಲಿ ಕರೆ ಮಾಡುವ ವಂಚಕ ಗುರುತು ಹಾಕುವ ಕಂಪನಿಯ ಸೇವೆಯನ್ನೇ ಬಳಸುತ್ತಾನೆಂಬ ಖಾತರಿ ಏನು? ಮುಕ್ತವಾಗಿ ಸಿಗುವ ಎಷ್ಟೋ ಧ್ವನಿ ಮಾದರಿಗಳಿವೆ. ಗುರುತು ಸಿಕ್ಕರೆ ಕೃತಕ ಎನ್ನಬಹುದು. ಸಿಗದಿದ್ದರೆ ಅಸಲಿ ಎನ್ನುವಂತಿಲ್ಲ. ನಿಯಮ ರೂಪಿಸುವವರು ಈ ಎರಡನೆಯ ವಾಕ್ಯವನ್ನು ಜನರಿಗೆ ಗಟ್ಟಿಯಾಗಿ ಹೇಳುತ್ತಿಲ್ಲ ಎಂಬುದು ನನ್ನ ತಕರಾರು.

ಯಾರೂ ಹಾಕದೆಯೇ ಧ್ವನಿಯೊಳಗೆ ಬಂದು ಕೂರುವ ಒಂದು ಗುರುತೂ ಇದೆ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ತುಯ್ಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಸರಿಯಾಗಿ 50 ಇರುವುದು ಅಪರೂಪ. ಬೇಡಿಕೆ ಪೂರೈಕೆಗಳ ಎಳೆದಾಟದಲ್ಲಿ ಕ್ಷಣ ಕ್ಷಣಕ್ಕೂ ಚೂರು ಮೇಲೆ, ಚೂರು ಕೆಳಗೆ. ಈ ಏರಿಳಿತ ಒಮ್ಮೆ ಬಂದ ಹಾಗೆ ಇನ್ನೊಮ್ಮೆ ಬರುವುದಿಲ್ಲ. ಟ್ಯೂಬ್‌ಲೈಟಿನ ಚೋಕ್, ಫ್ರಿಜ್, ಫ್ಯಾನುಗಳ ಗುಂಯ್‌ಗುಡುವಿಕೆಯ ಮೂಲಕ ಅದು ಸುತ್ತಲಿನ ರೆಕಾರ್ಡಿಂಗ್‌ಗಳಲ್ಲೂ ಸಣ್ಣಗೆ ದಾಖಲಾಗುತ್ತದೆ. ಗ್ರಿಡ್‌ನ ಆವರ್ತನದ ದಾಖಲೆಯ ಜೊತೆ ಹೋಲಿಸಿ, ಈ ಧ್ವನಿ ಯಾವ ದಿನ ಯಾವ ಹೊತ್ತಿನಲ್ಲಿ ಮುದ್ರಿತವಾಯಿತು, ನಡುವೆ ಕತ್ತರಿ ಆಡಿಸಿದ್ದಾರೆಯೇ ಎಂದು ವಿಧಿವಿಜ್ಞಾನಿಗಳು ಹೇಳಬಲ್ಲರು. ರೊಮೇನಿಯಾದ ಕಟಾಲಿನ್ ಗ್ರಿಗೊರಾಸ್ ಈ ವಿಧಾನಕ್ಕೆ ದಾರಿ ಹಾಕಿದವರು. ಲಂಡನ್ನಿನ ಪೊಲೀಸರು ಇದನ್ನು ನ್ಯಾಯಾಲಯದವರೆಗೆ ಒಯ್ದರು.

ರೆಕಾರ್ಡಿಂಗನ್ನು ‘ಸ್ವಚ್ಛ’ ಮಾಡುವ ಆ್ಯಪ್‌ಗಳು ಮೊದಲು ಗುಡಿಸುವುದೇ ಈ ಗುಂಯ್‌ಗುಡುವಿಕೆಯನ್ನು. ಲಂಚ ಕೇಳಿದ ಮಾತನ್ನೋ ಬೆದರಿಕೆಯ ಕರೆಯನ್ನೋ ರೆಕಾರ್ಡ್ ಮಾಡಿಕೊಂಡವರು, ಕೇಳುವವರಿಗೆ ಅನುಕೂಲವಾಗಲಿ ಎಂದು ಅದನ್ನು ತೊಳೆದು ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತಾರೆ. ಮೂಲ ಕಡತ ಫೋನಿನಲ್ಲಿ ಜಾಗ ತಿನ್ನುತ್ತದೆಂದು ಅಳಿಸಿಬಿಡುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಸಂಖ್ಯೆಯನ್ನು, ಅಂದರೆ ಅದರ ಬಿಟ್‌ಗಳಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಖ್ಯೆಯನ್ನು, ನಮೂದಿಸಬೇಕು. ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬೇರೆ. ತೊಳೆದ ಧ್ವನಿ ಕಾನೂನಿನ ಕಣ್ಣಿಗೆ ಇನ್ನೊಂದು ಧ್ವನಿ. ಅದೂ ಅಲ್ಲದೆ, ನರಜಾಲದ ತಂತ್ರಾಂಶಗಳು ಅಸ್ಪಷ್ಟವಾದ ಕಡೆ ತಮಗೆ ತೋಚಿದ ಉಚ್ಚಾರಣೆಯನ್ನು ತುಂಬಿಬಿಡಬಹುದು. ‘ಕೊಡ್ತೀನಿ’ ಮತ್ತು ‘ಕೊಡಲ್ಲ’ ಎಂಬುದರ ನಡುವೆ ಇರುವುದು ಒಂದೆರಡು ಅಕ್ಷರಗಳ ಅಂತರ.

ವಿದ್ಯುತ್ತಿನ ಗುಂಯ್‌ಗುಡುವಿಕೆಯ ವಿಷಯದಲ್ಲಿ ಭಾರತದ ಸ್ಥಿತಿ ಸ್ವಲ್ಪ ವಿಶೇಷ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೊವೋಲ್ಟ್ ವಿದ್ಯುತ್ ಮಾರ್ಗ ಚಾಲೂ ಆಗುವವರೆಗೆ ದಕ್ಷಿಣದ ಗ್ರಿಡ್ ತನ್ನದೇ ತಾಳದಲ್ಲಿ ತುಯ್ಯುತ್ತಿತ್ತು. ಅಂದಿನಿಂದ ಇಡೀ ದೇಶಕ್ಕೆ ಒಂದೇ ತಾಳ. ಆದ್ದರಿಂದ ಈಚಿನ ಒಂದು ರೆಕಾರ್ಡಿಂಗಿನ ಗುಂಯ್‌ಗುಡುವಿಕೆಯನ್ನು ನೋಡಿ ಅದು ರಾಯಚೂರಿನ ಕೋಣೆಯದೋ ದಿಲ್ಲಿಯದೋ ಎಂದು ಹೇಳುವುದು ಕಷ್ಟ. ಯಾವ ದಿನದ ಯಾವ ಹೊತ್ತಿನದು ಎಂದು ಹೇಳಬಹುದು; ಮೂಲ ಕಡತ ಇನ್ನೂ ಫೋನಿನಲ್ಲಿದ್ದರೆ, ಅದರಲ್ಲಿ ಫ್ಯಾನಿನ ಸದ್ದು ಉಳಿದಿದ್ದರೆ.